ಜೇನು ಕಡಿದಾಗ: ನೋವೂ ಅಪಾಯವೂ

ಜೇನುಹುಳು ಕಡಿಯಿತೆಂದು ಹೇಳುವುದು ನಮ್ಮ ನುಡಿಯ ರೂಢಿ. ವಾಸ್ತವವಾಗಿ ಅದು ಕಡಿಯುವುದಿಲ್ಲ. ಹೊಟ್ಟೆಯ ತುದಿಯಲ್ಲಿರುವ ಕೊಂಡಿಯಿಂದ ಚುಚ್ಚಿ ವಿಷವನ್ನು ಇಳಿಸುತ್ತದೆ. ಆದರೂ ರೂಢಿಯ ಮಾತನ್ನು ನಾವೂ ಬಿಡುವುದಿಲ್ಲ. ಈ ಭಾಷಣದಲ್ಲಿ ಕಡಿತವೆಂದರೆ ಕೊಂಡಿಯ ಚುಚ್ಚೆಂದೇ ಶ್ರೋತೃಗಳು ತಿಳಿಯಬೇಕು.

ಜೇನಿನ ಅಥವಾ ಕಣಜದ ಕಡಿತವನ್ನು ಜೀವಮಾನದಲ್ಲಿ ಒಮ್ಮೆಯಾದರೂ ಅನುಭವಿಸದವರು ವಿರಳ. ಬಹುಮಂದಿಗೆ ಅದು ಒಂದು ಗಳಿಗೆಯ ಉರಿ, ಒಂದೆರಡು ದಿನದ ಬಾವು, ಅಷ್ಟಕ್ಕೆ ಮುಗಿಯಿತು. ಎಲ್ಲೋ ಕೆಲವರಿಗೆ ಮಾತ್ರ ಅದೇ ಹುಳುವಿನ ಅದೇ ಒಂದು ಕಡಿತ ಅರ್ಧ ಗಂಟೆಯೊಳಗೆ ಪ್ರಾಣಾಂತಿಕವಾಗುವುದುಂಟು. ವಿಷ ಒಂದೇ, ಪ್ರಮಾಣವೂ ಒಂದೇ. ಫಲ ಮಾತ್ರ ಇಷ್ಟು ಭಿನ್ನವೇಕೆ? ಯಾರ ಪಾಲಿಗೆ ಯಾವುದು ಬಂದಿದೆಯೆಂದು ಹತ್ತಿರವಿರುವವರು ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ನಮ್ಮ ಉದ್ದೇಶ. ನಾವು ಪಾಠ ಹೇಳುವವರೇ ಹೊರತು ವೈದ್ಯರಲ್ಲ. ಆದಕಾರಣ ಚಿಕಿತ್ಸೆಯ ವಿಷಯದಲ್ಲಿ ವೈದ್ಯಶಾಸ್ತ್ರವು ಒಪ್ಪಿ ನಿಶ್ಚಯಿಸಿರುವುದನ್ನು ಮಾತ್ರ ಹೇಳುತ್ತೇವೆ.

ಮೊದಲು ಕಡಿಯುವವರ ಪರಿಚಯ. ಕನ್ನಡ ನಾಡಿನಲ್ಲಿ ಬಹುಕಾಲದಿಂದ ನೆಲಸಿರುವ ಜೇನುಗಳಲ್ಲಿ ಮುಖ್ಯವಾದವು ನಾಲ್ಕು. ಬಂಡೆಗಳ ಮೊಗದಲ್ಲಿ, ದೊಡ್ಡ ಮರಗಳ ಕೊಂಬೆಯಲ್ಲಿ, ಈಗ ನಗರಗಳಲ್ಲಿ ನೀರಿನ ತೊಟ್ಟಿಯ ಅಡಿಯಲ್ಲಿ ಮತ್ತು ಎತ್ತರದ ಕಟ್ಟಡಗಳ ಚಾಚಿನ ಕೆಳಗೆ ಒಂದೇ ದೊಡ್ಡ ಹುಟ್ಟಿಯನ್ನು ಬಯಲಿನಲ್ಲಿ ಕಟ್ಟುವುದು ಹೆಜ್ಜೇನು. ಮರದ ಪೊಟರೆಗಳಲ್ಲಿಯೂ ಸಾಕುವವರ ಪೆಟ್ಟಿಗೆಗಳಲ್ಲಿಯೂ ವಾಸಿಸುವುದು ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲದ ಹುಟ್ಟಿ ಕಟ್ಟುವುದು ಕೋಲುಜೇನು. ಗೋಡೆಯ ಬಿರುಕಿನಲ್ಲಿ ಸೇರಿಕೊಳ್ಳುವ ಮುಜಂಟಿಗೆ ಚುಚ್ಚಬಲ್ಲ ಕೊಂಡಿಯೇ ಇಲ್ಲ, ಅದರಿಂದ ಭಯವಿಲ್ಲ. ಇವುಗಳೊಡನೆ ಕಣಜಗಳನ್ನೂ ಕೆಲವು ಜಾತಿಯ ಇರುವೆಗಳನ್ನೂ ಸೇರಿಸಬೇಕು. ಇವೆಲ್ಲವೂ ಒಂದೇ ಕುಲದ ಕೀಟಗಳು. ಇವುಗಳಲ್ಲಿ ಕೊಂಡಿಯಿರುವುದು ಹೆಣ್ಣುಗಳಿಗೆ ಮಾತ್ರ. ಮೊಟ್ಟೆಯಿಡುವ ಅಂಗವೇ ಕಾಲಕ್ರಮದಲ್ಲಿ ಮಾರ್ಪಟ್ಟು ಆಯುಧವಾಗಿದೆ.

ಜೇನಿನ ಕೊಂಡಿಗೂ ಕಣಜದ ಕೊಂಡಿಗೂ ಒಂದು ವ್ಯತ್ಯಾಸವುಂಟು. ಜೇನಿನ ಕೊಂಡಿಯಲ್ಲಿ ಗಾಳದಂತೆ ಹಿಮ್ಮುಖವಾದ ಮುಳ್ಳುಗಳಿವೆ. ಚರ್ಮಕ್ಕೆ ಇಳಿದ ಮೇಲೆ ಅದನ್ನು ಹಿಂದಕ್ಕೆಳೆಯಲು ಹುಳುವಿಗೆ ಸಾಧ್ಯವಾಗದು. ಹಾರಿಹೋಗುವಾಗ ಕೊಂಡಿಯೂ ವಿಷದ ಚೀಲವೂ ಅದಕ್ಕೆ ಹೊಂದಿದ ಸ್ನಾಯುಗಳೂ ಹರಿದು ನಮ್ಮ ಮೈಯಲ್ಲೇ ಉಳಿಯುತ್ತವೆ, ಹುಳು ಸಾಯುತ್ತದೆ. ಹುಳು ಹೋದರೂ ಆ ಸ್ನಾಯುಗಳು ತಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ. ವಿಷವನ್ನು ಒತ್ತುತ್ತಲೇ ಇರುತ್ತವೆ. ಕಣಜದ ಕೊಂಡಿ ಹೀಗೆ ಸಿಕ್ಕಿಕೊಳ್ಳುವುದಿಲ್ಲ. ಆದುದರಿಂದ ಒಂದೇ ಕಣಜ ಹಲವು ಸಲ ಚುಚ್ಚಬಲ್ಲುದು. ಕಡಿತದ ಜಾಗದಲ್ಲಿ ಕರಿಯ ಕೊಂಡಿ ಕಂಡರೆ ಕಡಿದದ್ದು ಜೇನು, ಕಾಣದಿದ್ದರೆ ಬಹುಶಃ ಕಣಜ ಎಂದು ತಿಳಿಯಬಹುದು. ಈ ಗುರುತು ಮುಂದೆ ವೈದ್ಯರಿಗೂ ಪ್ರಯೋಜನಕ್ಕೆ ಬರುತ್ತದೆ.

ಕೊಂಡಿಯನ್ನು ಹೇಗೆ ತೆಗೆಯಬೇಕೆಂಬ ವಿಷಯದಲ್ಲಿ ಬಹುಕಾಲದ ಒಂದು ಉಪದೇಶವಿತ್ತು: ಬೆರಳುಗಳಿಂದ ಹಿಡಿದು ಕೀಳಬಾರದು, ಚೀಲ ಹಿಸುಕಿ ವಿಷ ಹೆಚ್ಚಾಗುತ್ತದೆ, ಚಾಕುವಿನ ಅಂಚಿನಿಂದ ಕೆರೆದೇ ತೆಗೆಯಬೇಕು ಎಂದು. 1996ರಲ್ಲಿ ಅಮೆರಿಕದ ಕೀಟಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದರು. ಹಿಡಿದು ಕಿತ್ತರೂ ಕೆರೆದು ತೆಗೆದರೂ ಬಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ತಡಮಾಡಿದಷ್ಟೂ ಬಾವು ಹೆಚ್ಚಿತು. ಚೀಲದ ವಿಷದಲ್ಲಿ ಬಹುಭಾಗ ಮೊದಲ 20 ಸೆಕೆಂಡುಗಳಲ್ಲಿಯೇ ಒಳಸೇರುತ್ತದೆ. ಚಾಕುವನ್ನು ಹುಡುಕಿ ತರುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಕೈಗೆ ಸಿಕ್ಕಿದ ರೀತಿಯಲ್ಲಿ ಕೂಡಲೆ ಕೀಳುವುದೇ ಸರಿ. ಇನ್ನೊಂದು ಸಂಗತಿಯುಂಟು. ಚುಚ್ಚಿದ ಕೊಂಡಿಯಿಂದ ಬಾಳೆಯ ಹಣ್ಣಿನಂಥ ವಾಸನೆಯ ಒಂದು ದ್ರವ್ಯ ಹೊರಡುತ್ತದೆ. ನಮಗೆ ಅದು ಬರಿಯ ವಾಸನೆ. ಗೂಡಿನ ಇತರ ಹುಳುಗಳಿಗೆ ಅದು ಯುದ್ಧದ ಕಹಳೆ. ಆದಕಾರಣ ಮೊದಲು ಗೂಡಿನಿಂದ ದೂರ ಹೋಗಬೇಕು, ಆಮೇಲೆ ಕೊಂಡಿಯ ಯೋಚನೆ.

ಇನ್ನು ಸಾಮಾನ್ಯವಾದ ಕಡಿತದ ಲಕ್ಷಣ. ಜೇನಿನ ವಿಷದಲ್ಲಿ, ನೀರನ್ನು ಕಳೆದರೆ, ಅರ್ಧದಷ್ಟು ಭಾಗ ಮೆಲಿಟಿನ್ ಎಂಬ ದ್ರವ್ಯ. ಅದು ಕೋಶಗಳ ಹೊರಪೊರೆಯನ್ನು ಒಡೆಯುತ್ತದೆ. ಉರಿಗೆ ಅದೇ ಮುಖ್ಯ ಕಾರಣ. ಅದರೊಡನೆ ಇರುವ ಇನ್ನು ಕೆಲವು ದ್ರವ್ಯಗಳು ಅಂಗಾಂಶವನ್ನು ಸಡಿಲಿಸಿ ವಿಷಕ್ಕೆ ದಾರಿ ಮಾಡಿಕೊಡುತ್ತವೆ. ಇದರಿಂದ ಕಡಿದ ಸ್ಥಳ ಕೆಂಪಾಗಿ ಊದಿ ನೋಯುತ್ತದೆ; ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಬಾವು ಅಂಗೈಯಗಲಕ್ಕೂ ಮೀರಿ ಹರಡಿ, ಎರಡನೆಯ ದಿನ ಇನ್ನೂ ಹೆಚ್ಚಾಗಿ, ಒಂದು ವಾರದವರೆಗೆ ನಿಲ್ಲುವುದುಂಟು. ಬೆರಳಿಗೆ ಕಡಿದರೆ ಮೊಣಕೈವರೆಗೆ ಊದಬಹುದು. ನೋಡುವವರಿಗೆ ಇದು ಭಯಂಕರವಾಗಿ ತೋರುತ್ತದೆ. ಆದರೆ ಬಾವು ಕಡಿದ ಜಾಗಕ್ಕೆ ಹೊಂದಿಕೊಂಡೇ ಇರುವವರೆಗೆ ಪ್ರಾಣಕ್ಕೆ ಅಪಾಯ ವಿರಳ. ಎರಡನೆಯ ದಿನದ ಕೆಂಪು ಬಾವನ್ನು ಕೀವಿನ ಲಕ್ಷಣವೆಂದು ಭ್ರಮಿಸಿ ಬೇಡದ ಔಷಧಿಗಳನ್ನು ನುಂಗುವವರೂ ಇದ್ದಾರೆ.

ಇದಕ್ಕೆ ಬೇಕಾದ ಉಪಚಾರ ಅಲ್ಪ. ಕೊಂಡಿಯನ್ನು ತೆಗೆಯಬೇಕು, ಕೈಗೆ ಕಡಿದಿದ್ದರೆ ಬಾವು ಏರುವ ಮುಂಚೆಯೇ ಉಂಗುರ ಬಳೆಗಳನ್ನು ಬಿಚ್ಚಬೇಕು, ಸಾಬೂನಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬೇಕು. ನೋವಿಗೆ ಪ್ಯಾರಾಸಿಟಮಾಲ್, ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆ ಸಾಕು. ಬಾಯಿಯೊಳಗೆ ಅಥವಾ ಗಂಟಲಿನಲ್ಲಿ ಕಡಿದಾಗ ಮಾತ್ರ ಈ ನಿಯಮ ಸಲ್ಲದು. ಅಲ್ಲಿ ಸಾಮಾನ್ಯವಾದ ಬಾವೇ ಉಸಿರಿನ ದಾರಿಯನ್ನು ಮುಚ್ಚಬಲ್ಲುದಾದ್ದರಿಂದ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಕಣ್ಣಿನ ಮೇಲೆ ಕಡಿದಾಗಲೂ ಹಾಗೆಯೇ.

ನಮ್ಮ ಮನೆಗಳಲ್ಲಿ ಸುಣ್ಣ ಹಚ್ಚುವುದು, ಈರುಳ್ಳಿ ತಿಕ್ಕುವುದು, ಕಬ್ಬಿಣದ ಬೀಗದ ಕೈಯನ್ನು ಉಜ್ಜುವುದು, ಅರಿಶಿನವಿಡುವುದು ಮುಂತಾದ ಪದ್ಧತಿಗಳಿವೆ. ಹಿರಿಯರನ್ನು ಹಳಿಯುವುದು ನಮ್ಮ ಅಭಿಪ್ರಾಯವಲ್ಲ. ಆದರೆ ವಿಷ ಸೇರಿರುವುದು ಚರ್ಮದ ಒಳಗೆ. ಸುಣ್ಣ ನಿಲ್ಲುವುದು ಚರ್ಮದ ಮೇಲೆ. ಎರಡೂ ಸಂಧಿಸುವ ಅವಕಾಶವೇ ಇಲ್ಲ. ಹಾಗಾದರೆ ಈ ಮದ್ದುಗಳಿಂದ ಗುಣವಾಯಿತೆಂದು ಇಷ್ಟು ಜನ ಹೇಳುವುದೇಕೆ? ಸಾಮಾನ್ಯವಾದ ಕಡಿತ ಏನೂ ಮಾಡದಿದ್ದರೂ ತಾನಾಗಿ ಗುಣವಾಗುತ್ತದೆ. ಕೀರ್ತಿ ಮಾತ್ರ ಮದ್ದಿಗೆ ಸಲ್ಲುತ್ತದೆ. ಇದರಿಂದ ಹಾನಿಯೇನೆಂದು ಕೇಳಬಹುದು. ಸಾಮಾನ್ಯರಿಗೆ ಹಾನಿಯಿಲ್ಲ. ಯಾರಿಗೆ ನಿಮಿಷಗಳೇ ಪ್ರಾಣವೋ, ಅವರ ನಿಮಿಷಗಳು ಈರುಳ್ಳಿಯನ್ನು ಹೆಚ್ಚುವುದರಲ್ಲಿ ಕಳೆದುಹೋಗುತ್ತವೆ. ಹಾನಿ ಇರುವುದು ಅಲ್ಲಿ.

ಆ ಕೆಲವರ ಸ್ಥಿತಿಯನ್ನು ತಿಳಿಯಲು ಸ್ವಲ್ಪ ಇತಿಹಾಸವನ್ನು ನೋಡಬೇಕು. 1901ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪೌಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಮೊನಾಕೊ ಸಂಸ್ಥಾನದ ಅರಸು ಒಂದನೆಯ ಆಲ್ಬರ್ಟನ ನೌಕೆಯಲ್ಲಿ ಸಮುದ್ರಯಾನ ಮಾಡಿ, ಮುಟ್ಟಿದವರನ್ನು ಉರಿಸುವ ಕಡಲಿನ ಜೀವಿಗಳ ವಿಷವನ್ನು ಕುರಿತು ಶೋಧನೆ ನಡೆಸಿದರು. ಊರಿಗೆ ಹಿಂದಿರುಗಿದ ಮೇಲೆ ಅಂಥದೇ ವಿಷವನ್ನು ನಾಯಿಗಳಿಗೆ ಅಲ್ಪಪ್ರಮಾಣದಲ್ಲಿ ಕೊಟ್ಟರು. ಮೊದಲು ಸ್ವಲ್ಪ ವಿಷ ಕೊಟ್ಟರೆ ಮುಂದೆ ಹೆಚ್ಚು ವಿಷವನ್ನು ತಾಳುವ ಶಕ್ತಿ ಬರುವುದೆಂಬುದು ಅವರ ನಿರೀಕ್ಷೆ. ದೇವಿ ಹಾಕುವುದರಲ್ಲಿ ಕಂಡ ತತ್ತ್ವ ಅದೇ ತಾನೆ? ನಡೆದದ್ದು ವಿಪರೀತ. ಮೊದಲ ಸಲ ತಾಳಿಕೊಂಡು ಆರೋಗ್ಯವಾಗಿದ್ದ ನಾಯಿ, ಕೆಲವು ವಾರಗಳ ಬಳಿಕ ಅದೇ ವಿಷವನ್ನು ಮತ್ತೆ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆಗೆ ವಿರುದ್ಧವಾದ ಈ ಸ್ಥಿತಿಗೆ ರಿಶೆ 1902ರಲ್ಲಿ ಅನಾಫೈಲಾಕ್ಸಿಸ್ ಎಂದು ಹೆಸರಿಟ್ಟನು. 1913ರಲ್ಲಿ ಇದಕ್ಕಾಗಿ ಅವನಿಗೆ ನೊಬೆಲ್ ಬಹುಮಾನ ಬಂದಿತು. 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅಲರ್ಜಿ ಎಂಬ ವಿಶಾಲವಾದ ಶಬ್ದವನ್ನು ಸೃಷ್ಟಿಸಿದನು. ನಾವು ಅದನ್ನು ಒಗ್ಗದಿಕೆಯೆಂದು ಕರೆಯಬಹುದು.

ಇದರ ಒಳಗುಟ್ಟು ತಿಳಿದದ್ದು 1960ರ ದಶಕದಲ್ಲಿ. ಇಷಿಜಾಕ ದಂಪತಿಗಳು ಅಮೆರಿಕದಲ್ಲಿಯೂ ಯೊಹಾನ್ಸನ್ ಮತ್ತು ಬೆನ್ನಿಕ್ ಸ್ವೀಡನ್ನಿನಲ್ಲಿಯೂ ರಕ್ತದಲ್ಲಿರುವ ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಪದಾರ್ಥವನ್ನು ಕಂಡುಹಿಡಿದರು. ಕೆಲವರ ದೇಹ ಜೇನಿನ ವಿಷವನ್ನು ಮೊದಲ ಸಲ ಕಂಡಾಗ ಅದನ್ನು ಮಹಾಶತ್ರುವೆಂದು ಬಗೆದು, ಅದಕ್ಕೆಂದೇ ಈ ಪದಾರ್ಥವನ್ನು ತಯಾರಿಸಿ, ಚರ್ಮದಲ್ಲಿಯೂ ಶ್ವಾಸನಾಳಗಳಲ್ಲಿಯೂ ಕರುಳಿನಲ್ಲಿಯೂ ರಕ್ತನಾಳಗಳ ಸುತ್ತಲೂ ಇರುವ ಮಾಸ್ಟ್ ಕೋಶಗಳಿಗೆ ಅಂಟಿಸಿ ಕಾದಿರುತ್ತದೆ. ಆ ಕೋಶಗಳು ಹಿಸ್ಟಮೀನ್ ಮೊದಲಾದ ತೀವ್ರ ದ್ರವ್ಯಗಳ ಉಗ್ರಾಣಗಳು. ಮತ್ತೊಮ್ಮೆ ಕಡಿತವಾದಾಗ ಎಲ್ಲ ಉಗ್ರಾಣಗಳೂ ಏಕಕಾಲದಲ್ಲಿ ಬಾಗಿಲು ತೆರೆಯುತ್ತವೆ. ರಕ್ತನಾಳಗಳು ಸಡಿಲವಾಗಿ ನೀರು ಸೋರುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಗಂಟಲು ಊದುತ್ತದೆ. ಇಲ್ಲಿ ಕೊಲ್ಲುವುದು ಹುಳುವಿನ ವಿಷವಲ್ಲ, ದೇಹದ ಅತಿಯಾದ ರಕ್ಷಣೋತ್ಸಾಹ. ಹಿಂದೆ ಹತ್ತು ಸಲ ಕಡಿದಾಗ ಏನೂ ಆಗಲಿಲ್ಲವೆಂಬ ಧೈರ್ಯ ಈ ಕಾರಣದಿಂದಲೇ ನಂಬತಕ್ಕದ್ದಲ್ಲ. ಪಾಶ್ಚಾತ್ಯ ದೇಶಗಳ ಎಣಿಕೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಮೂವರವರೆಗೆ ಇಂಥ ಸರ್ವಾಂಗದ ಪ್ರತಿಕ್ರಿಯೆಗೆ ಒಳಗಾಗುವುದುಂಟು.

ಈಗ ಗುರುತಿಸುವ ವಿಧಾನ. ನೋವಿನ ಅಳತೆಯಿಂದ ಅಪಾಯವನ್ನು ಅಳೆಯಬಾರದು. ಬಾವಿನ ಗಾತ್ರದಿಂದಲೂ ಅಳೆಯಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ಕಡಿದ ಜಾಗಕ್ಕೆ ಸಂಬಂಧವಿಲ್ಲದ ಕಡೆ ಏನಾದರೂ ಆಗುತ್ತಿದೆಯೆ? ಕಡಿದದ್ದು ಕಾಲಿಗೆ, ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ದದ್ದುಗಳೇಳುತ್ತಿವೆ, ಅಂಗೈ ಅಂಗಾಲುಗಳು ತುರಿಸುತ್ತಿವೆ, ತುಟಿಯೂ ಕಣ್ಣಿನ ರೆಪ್ಪೆಯೂ ಊದುತ್ತಿವೆ, ಇದು ಮೊದಲ ಎಚ್ಚರಿಕೆ. ಧ್ವನಿ ಗೊಗ್ಗರಾಗುವುದು, ಗಂಟಲು ಬಿಗಿಯುವುದು, ಬಿಡದ ಕೆಮ್ಮು, ಉಸಿರಿನಲ್ಲಿ ಸಿಳ್ಳಿನ ಸದ್ದು, ಹೊಟ್ಟೆ ನುಲಿತ, ವಾಂತಿ, ತಲೆ ಸುತ್ತುವುದು, ಕಣ್ಣು ಕತ್ತಲೆ, ನಾಡಿ ಕ್ಷೀಣವಾಗುವುದು, ಇವು ಮುಂದಿನವು. ಏನೋ ಕೇಡು ಬಂದಿತೆಂಬ ಅಕಾರಣವಾದ ಭಯವನ್ನು ರೋಗಿಯೇ ಹೇಳುವುದುಂಟು. ಅದನ್ನು ಹೇಡಿತನವೆಂದು ನಗಬಾರದು. ದದ್ದುಗಳೇ ಇಲ್ಲದೆ ನೇರವಾಗಿ ಕುಸಿದು ಬೀಳುವವರೂ ಇದ್ದಾರೆ. ಕೇವಲ ಹೆದರಿಕೆಯಿಂದ ಮೂರ್ಛೆ ಹೋದವರು ಮಲಗಿಸಿದೊಡನೆ ಚೇತರಿಸಿಕೊಳ್ಳುತ್ತಾರೆ. ಅವರಲ್ಲಿ ದದ್ದಾಗಲಿ ಉಬ್ಬಸವಾಗಲಿ ಇರುವುದಿಲ್ಲ. ಸಂದೇಹವಿದ್ದರೆ ಅಪಾಯವೆಂದೇ ಎಣಿಸುವುದು ಕ್ಷೇಮ. ಇಂಥ ಲಕ್ಷಣಗಳು ಬಹುಮಟ್ಟಿಗೆ ಕೆಲವೇ ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಕಡಿತದ ಬಳಿಕ ಒಂದು ಗಂಟೆಯವರೆಗಾದರೂ ಒಬ್ಬರನ್ನೇ ಬಿಡಬಾರದು.

ಇದಕ್ಕೆ ಮೊದಲ ಔಷಧಿ ಒಂದೇ: ಅಡ್ರಿನಲಿನ್. ಜಪಾನಿನ ರಸಾಯನಶಾಸ್ತ್ರಜ್ಞ ಜೊಕಿಚಿ ತಕಮಿನೆ 1901ರ ಸುಮಾರಿನಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಈ ದ್ರವ್ಯ, ರಿಶೆ ಗುರುತಿಸಿದ ರೋಗಕ್ಕೆ ಪ್ರತಿಯಾಗಿಯೇ ಹುಟ್ಟಿತೋ ಎನ್ನುವಂತಿದೆ. ಅದು ಸಡಿಲವಾದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಿಗಿದ ಶ್ವಾಸನಾಳಗಳನ್ನು ಸಡಿಲಿಸುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಬರಿದಾಗದಂತೆ ತಡೆಯುತ್ತದೆ. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ಮಕ್ಕಳಿಗೆ ತೂಕದ ಕಿಲೋಗ್ರಾಂ ಒಂದಕ್ಕೆ ಮಿಲಿಗ್ರಾಂನ ನೂರನೆಯ ಒಂದು ಭಾಗ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಸೂಜಿಯಿಂದ ಕೊಡಬೇಕು. ಗುಣ ಕಾಣದಿದ್ದರೆ ಐದು ನಿಮಿಷಗಳ ಬಳಿಕ ಮತ್ತೊಮ್ಮೆ ಕೊಡಬಹುದು. ಇದನ್ನು ಕೊಡತಕ್ಕವರು ವೈದ್ಯರು, ದಾದಿಯರು ಅಥವಾ ಅದರಲ್ಲಿ ಶಿಕ್ಷಣ ಪಡೆದವರು. ತಾನಾಗಿ ಚುಚ್ಚಿಕೊಳ್ಳಲು ಬರುವ ಲೇಖನಿಯಾಕಾರದ ಸಾಧನ 1987ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವುದು ಗಾಜಿನ ಪುಟ್ಟ ಕುಪ್ಪಿ ಮತ್ತು ಸೂಜಿ. ಬೆಲೆಯೂ ಅಲ್ಪ.

ಇಷ್ಟು ಸುಲಭವಾದ ಔಷಧಿಯಿದ್ದರೂ ಜನ ಸಾಯುವುದೇಕೆ? ತಡವಾಗುವುದರಿಂದ. ಮಾತ್ರೆ ನುಂಗಿಸಿ ನೋಡೋಣವೆಂದು ಮನೆಯವರು ಕಾಯುತ್ತಾರೆ. ಸೆಟಿರಿಜಿನ್ ಜಾತಿಯ ಔಷಧಿಗಳು ತುರಿಕೆಯನ್ನು ಇಳಿಸಬಲ್ಲವೇ ಹೊರತು ಕುಸಿಯುವ ರಕ್ತದ ಒತ್ತಡವನ್ನು ಎತ್ತಲಾರವು, ಮುಚ್ಚುವ ಗಂಟಲನ್ನು ತೆರೆಯಲಾರವು. ಸ್ಟೀರಾಯ್ಡ್ ಸೂಜಿಮದ್ದು ಕೆಲಸ ಮಾಡಲು ಗಂಟೆಗಳು ಬೇಕು. ಇವು ಅಡ್ರಿನಲಿನ್ನಿನ ಹಿಂದೆ ನಡೆಯಬೇಕಾದವು, ಮುಂದೆ ನಡೆಯಬಾರದು.

ಆಸ್ಪತ್ರೆ ಸೇರುವವರೆಗೆ ಹತ್ತಿರದವರು ಮಾಡಬೇಕಾದುದಿಷ್ಟು. 108ಕ್ಕೆ ಕರೆಮಾಡಿ ಜೇನು ಕಡಿದು ಉಸಿರು ಕಟ್ಟುತ್ತಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದವರು ಕಾಲು ಚಾಚಿ ಒರಗಿ ಕೂರಬಹುದು, ವಾಂತಿಯಿದ್ದರೆ ಮಗ್ಗುಲಾಗಿಸಬೇಕು. ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಬೇಕು. ಸ್ವಲ್ಪ ವಾಸಿಯೆನಿಸಿದೊಡನೆ ಎದ್ದು ನಿಲ್ಲಿಸುವುದು, ನಡೆಸಿಕೊಂಡು ಹೋಗುವುದು ಬಹಳ ಅಪಾಯ. ನಿಂತೊಡನೆ ರಕ್ತ ಕಾಲಿಗಿಳಿದು ಹೃದಯ ಬರಿದಾಗಿ ಪ್ರಾಣ ಹೋದ ಉದಾಹರಣೆಗಳಿವೆ. ಉಸಿರು ನಿಂತರೆ ಎದೆಯನ್ನು ಒತ್ತುವ ಕ್ರಿಯೆಯನ್ನು ಬಲ್ಲವರು ಆರಂಭಿಸಬೇಕು. ಒಮ್ಮೆ ಗುಣವಾದ ಮೇಲೆಯೂ ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರುಕಳಿಸುವುದುಂಟು; ವೈದ್ಯರು ಇರಹೇಳಿದಷ್ಟು ಹೊತ್ತು ಆಸ್ಪತ್ರೆಯಲ್ಲಿರಲು ಬೇಸರಪಡಬಾರದು.

ಹೆಜ್ಜೇನಿನ ಹಿಂಡೇ ಎರಗಿದಾಗಿನ ಅಪಾಯ ಬೇರೆಯದು. ಅಲ್ಲಿ ಒಗ್ಗದಿಕೆಯಿಲ್ಲದವರಿಗೂ ವಿಷದ ಮೊತ್ತವೇ ಮಾರಕವಾಗಬಹುದು. ಆರೋಗ್ಯವಂತ ವಯಸ್ಕನಿಗೆ ಸಾವಿರದಷ್ಟು ಕೊಂಡಿಗಳು ಬೇಕಾದರೆ, ಮಗುವಿಗೆ ಬಹಳ ಕಡಮೆ ಸಾಕು. ಸ್ನಾಯುಗಳೂ ರಕ್ತಕಣಗಳೂ ಒಡೆದು, ಒಂದೆರಡು ದಿನಗಳ ಮೇಲೆ ಮೂತ್ರಪಿಂಡಗಳು ಕೆಡುತ್ತವೆ. ಆದಕಾರಣ ಐವತ್ತಕ್ಕೆ ಮೀರಿ ಕಡಿತವಾದವರು ಚೆನ್ನಾಗಿಯೇ ಇದ್ದೇನೆಂದರೂ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಪ್ಪಾದರೆ ತಡಮಾಡಲೇಬಾರದು. ಹಿಂಡು ಎದ್ದಾಗ ಕೈ ಬೀಸದೆ, ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು, ಕಟ್ಟಡದ ಅಥವಾ ವಾಹನದ ಒಳಕ್ಕೆ ಓಡಿ ಬಾಗಿಲು ಹಾಕಿಕೊಳ್ಳಬೇಕು. ನೀರಿಗೆ ಧುಮುಕುವುದರಿಂದ ಪ್ರಯೋಜನವಿಲ್ಲ. ತಲೆಯೆತ್ತುವವರೆಗೆ ಅವು ಮೇಲೆಯೇ ಸುಳಿಯುತ್ತವೆ. ಹುಟ್ಟಿಯಿರುವ ಮರದ ಕೆಳಗೆ ಹೊಗೆಯೆಬ್ಬಿಸುವುದು, ಪಟಾಕಿ ಹಚ್ಚುವುದು, ಕಲ್ಲೆಸೆಯುವುದು ಇವುಗಳೇ ಬಹುಪಾಲು ಅನಾಹುತಗಳ ಮೂಲ.

ಚೇಳಿನ ವಿಷಯವಾಗಿ ಒಂದು ಮಾತು. ಎಂಟು ಕಾಲಿನ ಚೇಳು ಕೀಟವಲ್ಲ. ಅದರ ಕುಟುಕಿನ ರೀತಿಯೂ ಬೇರೆ. ಕೊಂಕಣದಲ್ಲಿಯೂ ಕರ್ನಾಟಕದ ಕೆಲವು ಭಾಗಗಳಲ್ಲಿಯೂ ಇರುವ ಕೆಂಪು ಚೇಳು ಕುಟುಕಿದಾಗ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಆಮೇಲೆ ಉಸಿರಾಟದ ಕಷ್ಟ ಕಾಣುತ್ತವೆ. ಮಕ್ಕಳಿಗೆ ಅಪಾಯ ಹೆಚ್ಚು. ಅಲ್ಲಿ ದೇಹದಲ್ಲಿ ಅಡ್ರಿನಲಿನ್ ಜಾತಿಯ ದ್ರವ್ಯಗಳು ಆಗಲೇ ಮಿತಿಮೀರಿ ಹರಿದಿರುತ್ತವೆ. ಮಹಾಡಿನ ವೈದ್ಯ ಹಿಮ್ಮತರಾವ್ ಬಾವಸ್ಕರರು 1980ರ ದಶಕದಲ್ಲಿ ಪ್ರಾಜೊಸಿನ್ ಎಂಬ ಔಷಧಿಯಿಂದ ಇದನ್ನು ಗುಣಪಡಿಸುವ ದಾರಿ ತೋರಿಸಿ ಅನೇಕ ಪ್ರಾಣಗಳನ್ನು ಉಳಿಸಿದರು. ಕಡಿದದ್ದು ಯಾವುದೆಂದು ವೈದ್ಯರಿಗೆ ಸರಿಯಾಗಿ ಹೇಳುವುದು ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಒಮ್ಮೆ ಸರ್ವಾಂಗದ ಪ್ರತಿಕ್ರಿಯೆ ಕಂಡವರು ಬದುಕಿದೆವೆಂದು ಸುಮ್ಮನಿರಬಾರದು. ನಾಲ್ಕಾರು ವಾರಗಳ ಬಳಿಕ ಅಲರ್ಜಿಯ ತಜ್ಞರನ್ನು ಕಂಡು ಪರೀಕ್ಷೆ ಮಾಡಿಸಬೇಕು. ಅಡ್ರಿನಲಿನ್ನನ್ನು ಜೊತೆಯಲ್ಲಿಟ್ಟುಕೊಳ್ಳುವ ವಿಚಾರವನ್ನು ಕೇಳಬೇಕು. ಹೃದಯದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು, ಅವುಗಳಲ್ಲಿ ಕೆಲವು ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ವಿಷವನ್ನೇ ಅಣುಪ್ರಮಾಣದಿಂದ ಆರಂಭಿಸಿ ಕ್ರಮವಾಗಿ ಹೆಚ್ಚಿಸಿ, ಮೂರರಿಂದ ಐದು ವರ್ಷ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆಯ ಗುಣವನ್ನು 1978ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ ಸ್ಥಾಪಿಸಿತು. ಜೇನಿನ ವಿಷದಲ್ಲಿ ನೂರಕ್ಕೆ ಸುಮಾರು 80, ಕಣಜದ ವಿಷದಲ್ಲಿ 90ಕ್ಕೂ ಹೆಚ್ಚು ಮಂದಿಗೆ ಇದರಿಂದ ರಕ್ಷಣೆ ದೊರೆಯುತ್ತದೆ. ರಿಶೆ ನಾಯಿಗಳಲ್ಲಿ ನಿರೀಕ್ಷಿಸಿ ಕಾಣದೆಹೋದ ಫಲ ತಾಳ್ಮೆಯಿಂದ ನಡೆದ ಈ ಮಾರ್ಗದಲ್ಲಿ ಕಡೆಗೂ ಕೈಗೂಡಿದೆ. ಆದರೆ ಈ ಚಿಕಿತ್ಸೆ ಎಲ್ಲ ಊರುಗಳಲ್ಲಿಯೂ ದೊರೆಯುವಂಥದಲ್ಲ.

ಹೇಳಿದುದರ ಸಾರ ಮೂರು ಮಾತು. ಕೊಂಡಿಯನ್ನು ಕೂಡಲೆ ಕೀಳಿರಿ. ಕಡಿದ ಜಾಗವನ್ನಲ್ಲ, ಮಿಕ್ಕ ಮೈಯನ್ನು ಗಮನಿಸಿರಿ. ಅಲ್ಲಿ ದದ್ದು, ಉಬ್ಬಸ, ತಲೆಸುತ್ತು ಕಂಡರೆ ಮನೆಯ ಮದ್ದಿಗೆ ನಿಲ್ಲದೆ ಮಲಗಿಸಿಯೇ ಆಸ್ಪತ್ರೆಗೆ ಸಾಗಿಸಿ, ಜೇನು ಕಡಿದಿದೆ, ಅಡ್ರಿನಲಿನ್ ಬೇಕಾಗಬಹುದು ಎಂದು ಬಾಗಿಲಲ್ಲೇ ಹೇಳಿರಿ. ಈ ಮೂರನ್ನು ಮನೆಯ ದೊಡ್ಡವರಿಗೆ ಮಾತ್ರವಲ್ಲದೆ ಶಾಲೆಗೆ ಹೋಗುವ ಮಕ್ಕಳಿಗೂ ಕಲಿಸಿರಿ. ತೋಟದಲ್ಲಿ ಆಡುವಾಗ ಜೊತೆಯಲ್ಲಿರುವವರು ಅವರೇ.